ಕೆಮ್ಮು ಕಮ್ಮಿಯಾಗಿದೆ, ಮಾಸ್ಕ್ ಹಾಕಿಕೊಂಡು ಓಡಬಹುದಾ?

ಜ್ವರ, ಕೆಮ್ಮು, ನ್ಯುಮೋನಿಯಾ ಮುಗಿಸಿಕೊಂಡು ಮತ್ತೆ ವ್ಯಾಯಾಮ ಶುರು ಮಾಡಬೇಕು ಅನ್ನುವವರ ಪತ್ರಗಳೇ ಈ ಸಲ ಜಾಸ್ತಿ ಬಂದಿವೆ. ಎಲ್ಲರದ್ದೂ ಸುತ್ತಿ ಬಳಸಿ ಮಾಸ್ಕಿನ ಪ್ರಶ್ನೆಯೇ. ಹಾಗಾಗಿ ಈ ಸಂಚಿಕೆಯ ಜಾಗವನ್ನೆಲ್ಲ ಅದಕ್ಕೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ನನಗೆ 46 ವರ್ಷ. ನ್ಯುಮೋನಿಯಾ ಆಗಿ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದು ಮೂರು ವಾರ ಆಯಿತು. ಜ್ವರ ಇಲ್ಲ, ಕೆಮ್ಮು ಅಲ್ಪಸ್ವಲ್ಪ ಇದೆ. ನಿಧಾನಕ್ಕೆ ನಡೆಯಲು ಶುರು ಮಾಡಿ ಅಂತ ನನ್ನ ವೈದ್ಯರು ಹೇಳಿದ್ದಾರೆ. ಮನೆಯವರು ಮಾಸ್ಕ್ ಇಲ್ಲದೆ ಹೊಸ್ತಿಲು ದಾಟಲು ಬಿಡುವುದಿಲ್ಲ. ಮಾಸ್ಕ್ ಹಾಕಿ ಸ್ವಲ್ಪ ಬಿರುಸಾಗಿ ನಡೆದರೂ ಏದುಸಿರು. ಬಿಟ್ಟ ಗಾಳಿಯನ್ನೇ ಮತ್ತೆ ಎಳೆದುಕೊಂಡು ಆಕ್ಸಿಜನ್ ಕಮ್ಮಿಯಾಗುತ್ತದೆ ಅಂತ ಗೆಳೆಯರೊಬ್ಬರು ಹೆದರಿಸಿದ್ದಾರೆ. ನಿಜವಾ ಡಾಕ್ಟ್ರೇ?

ಮೊದಲು ಆಕ್ಸಿಜನ್ ವಿಷಯ ಮುಗಿಸೋಣ, ಏಕೆಂದರೆ ಎಲ್ಲರಿಗೂ ಇರುವ ಭಯ ಅದೇ. ಮಾಸ್ಕಿನ ಬಟ್ಟೆ ಆಕ್ಸಿಜನ್ನನ್ನೂ ತಡೆಯುವುದಿಲ್ಲ, ಕಾರ್ಬನ್ ಡೈಆಕ್ಸೈಡನ್ನೂ ಹಿಡಿದಿಡುವುದಿಲ್ಲ. ಈ ಅನಿಲಗಳ ಅಣುಗಳು ಒಂದು ನ್ಯಾನೋಮೀಟರ್‌ನ ಅರ್ಧದಷ್ಟೂ ಇಲ್ಲ, ಎಳೆಗಳ ನಡುವಿನ ಸಂದಿ ಅವುಗಳಿಗಿಂತ ಸಾವಿರಾರು ಪಟ್ಟು ದೊಡ್ಡದು. ಒಂದಿಷ್ಟು ಗಾಳಿ ಮಾಸ್ಕಿನೊಳಗೆ ಉಳಿದು ಮುಂದಿನ ಉಸಿರಿನ ಜೊತೆ ಒಳಗೆ ಹೋಗುವುದು ನಿಜ. ಆದರೆ ಮಾಸ್ಕ್ ಇಲ್ಲದಿದ್ದರೂ ಅದು ನಡೆಯುತ್ತಲೇ ಇರುತ್ತದೆ. ಸುಮ್ಮನೆ ಕೂತಾಗ ದೊಡ್ಡವರು ಒಂದು ಉಸಿರಿಗೆ ಸುಮಾರು 500 ಮಿಲಿಲೀಟರ್ ಗಾಳಿ ಎಳೆಯುತ್ತಾರೆ. ಅದರಲ್ಲಿ ಸುಮಾರು 150 ಮಿಲಿಲೀಟರ್ ಶ್ವಾಸಕೋಶದ ಗಾಳಿಚೀಲಗಳವರೆಗೆ ಹೋಗುವುದೇ ಇಲ್ಲ, ಮೂಗು, ಗಂಟಲು, ಶ್ವಾಸನಾಳದಲ್ಲೇ ನಿಂತು ವಾಪಸ್ ಬರುತ್ತದೆ. ದೇಹಕ್ಕೆ ಇದು ಹೊಸದೇನಲ್ಲ. ಆರೋಗ್ಯವಂತರಿಗೆ ಮಾಸ್ಕ್ ಹಾಕಿಸಿ, ಸೈಕಲ್ ತುಳಿಸಿ, ಟ್ರೆಡ್‌ಮಿಲ್ ಮೇಲೆ ಓಡಿಸಿ ನೋಡಿದ್ದಾರೆ. ರಕ್ತದ ಆಕ್ಸಿಜನ್‌ನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಕ್ಕಿಲ್ಲ. ಉಸಿರಾಡುವುದು ಕಷ್ಟ ಅನ್ನಿಸುವುದು ಮಾತ್ರ ಜಾಸ್ತಿಯಾಗಿದೆ, ಎನ್-95 ಹಾಕಿದಾಗ ಇನ್ನೂ ಜಾಸ್ತಿ.

ಆದರೆ ಆ ಪರೀಕ್ಷೆಗಳಲ್ಲಿ ಓಡಿದವರು ಆರೋಗ್ಯವಂತರು. ನೀವು ಇನ್ನೂ ಆ ಸ್ಥಿತಿಗೆ ಬಂದಿಲ್ಲ.

ಕೂತಿರುವಾಗ ನಿಮಿಷಕ್ಕೆ ಆರೆಂಟು ಲೀಟರ್ ಗಾಳಿ ಸಾಕು. ಬಿರುಸಾಗಿ ನಡೆದರೆ ಅದು ಹಲವು ಪಟ್ಟು ಏರುತ್ತದೆ, ಗಟ್ಟಿಮುಟ್ಟಾದವರು ಜೀವ ಬಿಟ್ಟು ಓಡುವಾಗ 100 ಲೀಟರ್ ದಾಟುತ್ತದೆ. ಅಷ್ಟೂ ಗಾಳಿಯನ್ನು ಅದೇ ಬಟ್ಟೆಯ ಮೂಲಕ ಎಳೆಯಬೇಕು, ಅದೂ ದಿನಗಟ್ಟಲೆ ಮಲಗಿ ಸೋತಿರುವ ಎದೆಯ ಸ್ನಾಯುಗಳಿಂದ. ಮೇಲಾಗಿ ನ್ಯುಮೋನಿಯಾ ಬಂದು ಹೋದ ಶ್ವಾಸಕೋಶ ಪೂರ್ತಿ ಸರಿಹೋಗಲು ಸಮಯ ಬೇಕು. ಸಾಮಾನ್ಯವಾಗಿ ಜ್ವರ ಒಂದು ವಾರದಲ್ಲಿ ಬಿಡುತ್ತದೆ, ಎದೆನೋವು ಮತ್ತು ಕಫ ನಾಲ್ಕು ವಾರಕ್ಕೆ ಚೆನ್ನಾಗಿ ಇಳಿಯುತ್ತವೆ, ಕೆಮ್ಮು ಮತ್ತು ಉಸಿರುಕಟ್ಟುವುದು ಆರು ವಾರಕ್ಕೆ ಇಳಿಯುತ್ತದೆ, ಮೂರು ತಿಂಗಳಾದರೂ ಆಯಾಸ ಉಳಿದಿರಬಹುದು, ಮೊದಲಿನಂತಾಗಲು ಕೆಲವರಿಗೆ ಆರು ತಿಂಗಳು ಬೇಕು. ನಿಮಗೆ ಈಗ ಮೂರು ವಾರ ಆಗಿದೆ ಅಷ್ಟೇ. ನಿಮ್ಮ ಏದುಸಿರಿಗೆ ಮಾಸ್ಕ್ ಒಂದು ಪಾಲು ಕಾರಣ, ದೊಡ್ಡ ಪಾಲು ಕಾಯಿಲೆಯದ್ದು.

ನನಗೆ ನಿಜವಾಗಿ ಚಿಂತೆ ಹುಟ್ಟಿಸುವ ವಿಷಯ ಇಲ್ಲಿದೆ. ಉಸಿರು ಕಟ್ಟಿದಾಗಲೆಲ್ಲ "ಅಯ್ಯೋ ಮಾಸ್ಕಿನದ್ದು" ಅಂದುಕೊಂಡು ಸುಮ್ಮನಾಗಿ, ಒಳಗೆ ಮತ್ತೆ ಸೋಂಕು ಏರುತ್ತಿರುವುದನ್ನೋ ಹೃದಯದ ತೊಂದರೆಯನ್ನೋ ಗಮನಿಸದೇ ಬಿಡುವವರಿದ್ದಾರೆ. ಅದಕ್ಕೆ ಒಂದು ಸಣ್ಣ ಪರೀಕ್ಷೆ ಮಾಡಿಕೊಳ್ಳಿ. ಏದುಸಿರು ಬಂದ ತಕ್ಷಣ ನಿಂತುಬಿಡಿ. ಜನರಿಂದ ದೂರ ಸರಿದು ಮಾಸ್ಕ್ ತೆಗೆಯಿರಿ, ಎಲ್ಲಾದರೂ ಒರಗಿಕೊಂಡು ನಿಲ್ಲಿ. ಎರಡು ಮೂರು ನಿಮಿಷದಲ್ಲಿ ಉಸಿರು ಹದಕ್ಕೆ ಬಂದರೆ ವೇಗ ಜಾಸ್ತಿಯಾಗಿತ್ತು, ಅದರ ಮೇಲೆ ಮಾಸ್ಕೂ ಇತ್ತು ಅಂತ ಅರ್ಥ. ಹತ್ತು ನಿಮಿಷವಾದರೂ ಹದಕ್ಕೆ ಬರದಿದ್ದರೆ, ಅಥವಾ ನಿನ್ನೆ ಆರಾಮಾಗಿ ನಡೆದ ದೂರವನ್ನು ಇವತ್ತು ನಡೆಯಲಾಗದಿದ್ದರೆ, ಅವತ್ತೇ ನಿಮ್ಮ ವೈದ್ಯರಿಗೆ ತೋರಿಸಿ. ಎದೆ ಹಿಂಡಿದಂತಾಗುವುದು, ತಲೆ ಸುತ್ತಿ ಕಣ್ಣು ಕತ್ತಲಾಗುವುದು, ತುಟಿ ನೀಲಿಗಟ್ಟುವುದು, ಕಫದಲ್ಲಿ ರಕ್ತ, ಒಂದೇ ಕಾಲು ಊದಿಕೊಂಡು ನೋಯುವುದು, ಇವುಗಳಲ್ಲಿ ಯಾವುದು ಕಂಡರೂ ನಾಳೆ ನೋಡೋಣ ಅನ್ನಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಇನ್ನು ಮನೆಯವರ ಮಾತು. ಅವರ ಕಾಳಜಿ ಸರಿಯಾಗಿಯೇ ಇದೆ, ಜಾಗವನ್ನು ಮಾತ್ರ ಸ್ವಲ್ಪ ಬದಲಿಸಬೇಕು. ಲಿಫ್ಟ್, ಓಣಿ, ಜನ ಸೇರುವ ಬಾಗಿಲು, ಆಸ್ಪತ್ರೆಯ ಕಾಯುವ ಕೋಣೆ, ಇಲ್ಲೆಲ್ಲ ಮಾಸ್ಕ್ ಹಾಕಿಕೊಳ್ಳಿ. ಬಯಲಿಗೆ ಬಂದು ಸುತ್ತ ಯಾರೂ ಇಲ್ಲ ಅಂದ ಮೇಲೆ ತೆಗೆದು ಜೇಬಿನಲ್ಲಿಟ್ಟು ನಡೆಯಿರಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಸಾಕು. ಒಂದು ವಾಕ್ಯ ಮುಗಿಸಲು ನಡುವೆ ಎರಡು ಸಲ ಉಸಿರು ತೆಗೆದುಕೊಳ್ಳಬೇಕಾಗಿ ಬಂದರೆ ನಿಧಾನ ಮಾಡಿ.

ಪ್ರಶ್ನೆ: ಫ್ಲೂ ಬಂದು ಐದನೇ ದಿನ. ನಿನ್ನೆಯಿಂದ ಜ್ವರ ಇಲ್ಲ. ಮಾಸ್ಕ್ ಹಾಕಿಕೊಂಡು ಜಿಮ್‌ಗೆ ಹೋದರೆ ತಪ್ಪೇನು? ಬೇರೆಯವರಿಗೆ ತೊಂದರೆ ಆಗಲ್ಲ ಅಲ್ವಾ?

ಆಗುತ್ತದೆ. ಫ್ಲೂ ಬಂದವರು ಲಕ್ಷಣ ಕಾಣುವ ಒಂದು ದಿನ ಮೊದಲಿನಿಂದ ಹಿಡಿದು ಐದರಿಂದ ಏಳು ದಿನದವರೆಗೆ ಇನ್ನೊಬ್ಬರಿಗೆ ಹರಡಬಲ್ಲರು. ನೀವು ಇನ್ನೂ ಆ ಲೆಕ್ಕದ ಒಳಗೇ ಇದ್ದೀರಿ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2024ರಲ್ಲಿ ಕೊಟ್ಟ ಸಲಹೆ ನನಗೆ ಒಪ್ಪಿಗೆಯಾಗುತ್ತದೆ: ಲಕ್ಷಣಗಳು ಒಟ್ಟಾರೆ ಇಳಿಯುತ್ತಿರಬೇಕು, ಜ್ವರದ ಮಾತ್ರೆ ನುಂಗದೆಯೇ 24 ಗಂಟೆ ಜ್ವರ ಇರಬಾರದು, ಆಮೇಲೆ ಹೊರಗೆ ಬರಬಹುದು, ಬಂದ ಮೇಲೂ ಐದು ದಿನ ಮಾಸ್ಕ್, ಅಂತರ, ಒಳ್ಳೆಯ ಗಾಳಿ ಇವನ್ನು ನೋಡಿಕೊಳ್ಳಬೇಕು. ಮಾತ್ರೆ ನುಂಗಿ ಜ್ವರ ಇಳಿದಿದ್ದರೆ ಅದು ಲೆಕ್ಕಕ್ಕಿಲ್ಲ, ಇದನ್ನು ಬಹಳ ಜನ ಮರೆಯುತ್ತಾರೆ.

ಹಾಗಾದರೆ ಮಾಸ್ಕ್ ಹಾಕಿ ಜಿಮ್‌ಗೆ ಹೋಗಬಹುದಲ್ಲ ಅನ್ನುತ್ತೀರಿ. ಜಿಮ್‌ನಲ್ಲಿ ಆಗುವುದನ್ನು ಒಮ್ಮೆ ನೆನೆಸಿಕೊಳ್ಳಿ. ಹತ್ತು ನಿಮಿಷಕ್ಕೆ ಮೂಗಿನ ಮೇಲೆ ಬೆವರು. ಹದಿನೈದಕ್ಕೆ ಮಾಸ್ಕಿನ ಒಳಪದರ ಒದ್ದೆ. ಉಸಿರು ಎಳೆದಾಗಲೆಲ್ಲ ಅದು ತುಟಿಗೆ ಬಂದು ಅಂಟಿಕೊಳ್ಳುತ್ತದೆ, ಬಿಟ್ಟಾಗ ಬದಿಗಳಿಂದ ಗಾಳಿ ನುಗ್ಗುತ್ತದೆ, ಕನ್ನಡಕ ಇದ್ದರೆ ಮಬ್ಬಾಗುತ್ತದೆ. ಭಾರ ಎತ್ತುವ ಹೊತ್ತಿಗೆ ಸರಿಯಾಗಿ ಎಲ್ಲರೂ ಮಾಡುವ ಕೆಲಸ ಒಂದೇ, ಅದನ್ನು ಗಲ್ಲಕ್ಕೆ ಎಳೆದುಕೊಳ್ಳುವುದು. ಅಂದರೆ ಜಾಸ್ತಿ ಉಸಿರು ಹೊರಬರುವ ಹೊತ್ತಿಗೇ ಮಾಸ್ಕ್ ಇರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲೇ, ಬೆವರಿಗೆ ಮಾಸ್ಕ್ ಬೇಗ ಒದ್ದೆಯಾಗಿ ಉಸಿರಾಟ ಕಷ್ಟವಾಗುತ್ತದೆ, ಸೂಕ್ಷ್ಮಜೀವಿಗಳು ಬೆಳೆಯಲು ದಾರಿಯಾಗುತ್ತದೆ, ಹಾಗಾಗಿ ವ್ಯಾಯಾಮದ ಹೊತ್ತಿಗೆ ಮಾಸ್ಕ್ ಬೇಡ, ಅಂತರ ಕಾಯ್ದುಕೊಳ್ಳಿ ಅಂದಿತ್ತು.

ನನ್ನ ಮಾತು ಇಷ್ಟು. ಇನ್ನೊಬ್ಬರನ್ನು ಕಾಪಾಡಲು ಮಾಸ್ಕ್ ಬೇಕೇಬೇಕು ಅನ್ನುವ ದಿನಗಳಲ್ಲಿ ಮುಚ್ಚಿದ ಕೋಣೆಯಲ್ಲಿ ಬೆವರು ಸುರಿಸುವ ವ್ಯಾಯಾಮವೇ ಬೇಡ. ಮನೆಯಲ್ಲಿ ಕಿಟಕಿ ತೆರೆದು ಕೈಕಾಲು ಆಡಿಸಿ, ಇಲ್ಲವೇ ಒಬ್ಬರೇ ಹೊರಗೆ ನಡೆಯಿರಿ. ಪಕ್ಕದ ಟ್ರೆಡ್‌ಮಿಲ್‌ನಲ್ಲಿರುವವರ ಮನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆ ನಡೆಯುತ್ತಿರುವ ಅಮ್ಮ ಇದ್ದಾರೋ, ಹಸುಗೂಸು ಇದೆಯೋ ನಿಮಗೆ ಗೊತ್ತಿರುವುದಿಲ್ಲ. ಒಂದು ವಾರ ಬಿಟ್ಟರೆ ನಿಮ್ಮ ದೇಹ ಕರಗಿಹೋಗುವುದಿಲ್ಲ.

ಪ್ರಶ್ನೆ: ಹಾಕಲೇಬೇಕು ಅಂದರೆ ಯಾವ ಮಾಸ್ಕ್? ವಾಲ್ವ್ ಇರುವುದು ಹಗುರ ಅನ್ನಿಸುತ್ತದೆ. ಎನ್-95 ಒಗೆದು ಬಳಸಬಹುದಾ?

ನಿಧಾನದ ನಡಿಗೆಗೆ, ಜನರ ನಡುವೆ ಹಾದುಹೋಗಲು ಮೂರು ಪದರದ ಸರ್ಜಿಕಲ್ ಮಾಸ್ಕ್ ಸಾಕು. ಮೂಗಿನ ಮೇಲಿನ ಪಟ್ಟಿಯನ್ನು ಎರಡೂ ಬೆರಳಲ್ಲಿ ಒತ್ತಿ ಕೂರಿಸಿಕೊಳ್ಳಿ. ವಾಲ್ವ್ ಇರುವ ಮಾಸ್ಕ್ ಒಳಗೆ ಬರುವ ಗಾಳಿಯನ್ನು ಸೋಸುತ್ತದೆ, ನೀವು ಬಿಟ್ಟ ಉಸಿರನ್ನು ವಾಲ್ವ್ ಮೂಲಕ ಸೋಸದೆ ಹೊರಗೆ ಬಿಡುತ್ತದೆ. ಹಗುರ ಅನ್ನಿಸುವುದು ಅದಕ್ಕೇ. ಹೊಗೆ, ದೂಳಿನಿಂದ ನಿಮ್ಮನ್ನು ಕಾಪಾಡಿಕೊಳ್ಳಲು ಅದು ಪರವಾಗಿಲ್ಲ. ನೀವೇ ಕೆಮ್ಮುತ್ತಿದ್ದರೆ ಅದು ಬೇಡ.

ಎನ್-95 ಒಗೆಯಬೇಡಿ. ಅದರ ನಡುವಿನ ಪದರದ ಎಳೆಗಳಲ್ಲಿ ಸ್ಥಿರ ವಿದ್ಯುತ್ತು ಇರುತ್ತದೆ, ತಲೆ ಬಾಚಿದ ಬಾಚಣಿಗೆ ಕಾಗದದ ಚೂರನ್ನು ಸೆಳೆಯುವಂತೆ ಅದು ಸಣ್ಣ ಕಣಗಳನ್ನು ಸೆಳೆದು ಹಿಡಿಯುತ್ತದೆ. ಸೋಪು ನೀರು, ಸ್ಯಾನಿಟೈಸರ್ ತಗುಲಿದರೆ ಆ ಶಕ್ತಿ ಹೋಗುತ್ತದೆ. ನೋಡಲು ಮಾಸ್ಕ್ ಹಾಗೇ ಇರುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ. ಯಾವ ಮಾಸ್ಕೇ ಆಗಲಿ, ಬೆವರಿಗೆ ಒದ್ದೆಯಾದರೆ ಬದಲಿಸಿ. ಇನ್ನೊಂದನ್ನು ಕಾಗದದ ಕವರಿನಲ್ಲಿಟ್ಟುಕೊಂಡು ಹೋಗುವುದು ಒಳ್ಳೆಯ ಅಭ್ಯಾಸ.

ಪ್ರಶ್ನೆ: ಶ್ವಾಸಕೋಶ ಗಟ್ಟಿಯಾಗಲಿ ಅಂತ ಗಾಳಿ ಬಿಗಿ ಮಾಡುವ "ಟ್ರೇನಿಂಗ್ ಮಾಸ್ಕ್" ಹಾಕಿ ಓಡುವವರನ್ನು ನೋಡಿದ್ದೇನೆ. ಬೆಟ್ಟದ ಮೇಲೆ ಓಡಿದ ಹಾಗೆ ಅಂತೆ. ಬ್ರಾಂಕೈಟಿಸ್ ಆದ ಮೇಲೆ ನಾನೂ ಹಾಕಬಹುದಾ?

ದಯವಿಟ್ಟು ಬೇಡ. ಎತ್ತರದ ಬೆಟ್ಟದಲ್ಲಿ ಗಾಳಿಯ ಒತ್ತಡವೇ ಕಮ್ಮಿ, ಪ್ರತಿ ಉಸಿರಿಗೆ ಸಿಗುವ ಆಕ್ಸಿಜನ್ನೂ ಕಮ್ಮಿ. ದೇಹ ಅದಕ್ಕೆ ಹೊಂದಿಕೊಂಡು ವಾರಗಟ್ಟಲೆಯಲ್ಲಿ ಕೆಂಪು ರಕ್ತಕಣ ಹೆಚ್ಚಿಸಿಕೊಳ್ಳುತ್ತದೆ. ಈ ಮಾಸ್ಕ್ ಹಾಗೆ ಮಾಡುವುದಿಲ್ಲ, ಗಾಳಿ ಬರುವ ದಾರಿಯನ್ನು ಕಿರಿದು ಮಾಡುತ್ತದೆ ಅಷ್ಟೇ. ಬ್ರಾಂಕೈಟಿಸ್‌ನಲ್ಲಿ ನಿಮ್ಮ ಶ್ವಾಸನಾಳಗಳು ಊದಿಕೊಂಡು ಮೊದಲೇ ಕಿರಿದಾಗಿವೆ. ಅದರ ಮೇಲೆ ಇನ್ನೊಂದು ಬಿಗಿ ಹಾಕುವುದರಲ್ಲಿ ಅರ್ಥವಿಲ್ಲ. ಉಸಿರಾಟದ ಸ್ನಾಯುಗಳಿಗೆ ತರಬೇತಿ ಕೊಡುವ ಸಾಧನಗಳು ಇವೆ, ಕೆಲವು ರೋಗಿಗಳಿಗೆ ಫಿಸಿಯೋಥೆರಪಿಸ್ಟ್‌ಗಳು ಅಳತೆ ನೋಡಿ ಕೊಡುತ್ತಾರೆ, ಅದು ಕೂತು ಮಾಡುವ ವ್ಯಾಯಾಮ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಪ್ರಶ್ನೆ: ಕೋವಿಡ್ ಬಂದು ಎರಡು ತಿಂಗಳಾಯಿತು. ಮಾಸ್ಕ್ ಹಾಕಿಯೇ ಅರ್ಧ ಗಂಟೆ ಜಾಗ್ ಮಾಡುತ್ತೇನೆ. ಮಾಡುವಾಗ ಏನೂ ಅನ್ನಿಸುವುದಿಲ್ಲ. ಮಾರನೇ ದಿನ ಮೈಕೈ ಎಲ್ಲ ಹಿಂಡಿ ಹಾಕಿದಂತೆ, ತಲೆ ಮಂಕು, ಹಾಸಿಗೆಯಿಂದ ಏಳಲಾಗುವುದಿಲ್ಲ. ಮಾಸ್ಕಿನಿಂದ ಆಕ್ಸಿಜನ್ ಕಮ್ಮಿಯಾಗಿ ಹೀಗೆ ಆಗುತ್ತಿದೆಯಾ? ಮಾಸ್ಕ್ ಬಿಟ್ಟು ಓಡಲಾ?

ಮಾಸ್ಕಿನ ತೊಂದರೆ ಮಾಸ್ಕ್ ತೆಗೆದ ಸ್ವಲ್ಪ ಹೊತ್ತಿಗೆ ಮುಗಿಯುತ್ತದೆ, ಮಾರನೇ ದಿನಕ್ಕೆ ದಾಟುವುದಿಲ್ಲ. ನೀವು ಬರೆದಿರುವುದು ಬೇರೆಯದ್ದೇ ವಿಷಯ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮಾಡುವಾಗ ಚೆನ್ನಾಗಿದ್ದು, ಹಲವು ಗಂಟೆ ಕಳೆದ ಮೇಲೆ ಅಥವಾ ಒಂದೆರಡು ದಿನ ಬಿಟ್ಟು ಮೈ ಕುಸಿದುಬೀಳುವುದು ವೈರಸ್ ಕಾಯಿಲೆಗಳ ನಂತರ ಕೆಲವರಲ್ಲಿ ಕಾಣುತ್ತದೆ, ದೀರ್ಘ ಕೋವಿಡ್‌ನಲ್ಲಂತೂ ಸಾಕಷ್ಟು ಜನರಲ್ಲಿ. ಇದು ಸೋಮಾರಿತನ ಅಲ್ಲ, ಮನಸ್ಸಿನ ಕಲ್ಪನೆಯೂ ಅಲ್ಲ. "ಇನ್ನೂ ಸ್ವಲ್ಪ ಜಾಸ್ತಿ ಓಡಿದರೆ ಸರಿಹೋಗುತ್ತದೆ" ಅನ್ನುವ ಸಲಹೆ ಇಂಥವರಿಗೆ ಕೆಡುಕು ಮಾಡುತ್ತದೆ.

ಮಾಸ್ಕ್ ಬಿಟ್ಟು ಓಡಬೇಡಿ, ಓಡುವುದನ್ನೇ ಬಿಡಿ, ಸದ್ಯಕ್ಕೆ. ಜಾಗಿಂಗ್ ನಿಲ್ಲಿಸಿ ವೈದ್ಯರನ್ನು ಕಾಣಿ. ರಕ್ತಹೀನತೆ, ಥೈರಾಯ್ಡ್, ಹೃದಯ ಇವೆಲ್ಲ ಸರಿಯಿವೆಯಾ ಅಂತ ನೋಡಿಸಿಕೊಳ್ಳಿ. ಎದೆ ಡವಡವ ಹೊಡೆದುಕೊಳ್ಳುವುದೋ ಎದೆನೋವೋ ಇದ್ದರೆ ತಪ್ಪದೆ ಹೇಳಿ, ಏಕೆಂದರೆ ವೈರಸ್‌ನಿಂದ ಹೃದಯದ ಸ್ನಾಯುವಿಗೆ ಉರಿಯೂತ ಆಗಿದ್ದರೆ ಮೂರರಿಂದ ಆರು ತಿಂಗಳು ಆಟ, ಓಟ ಏನೂ ಮಾಡಬಾರದು. ಎಲ್ಲ ಸರಿಯಿದ್ದರೆ ಯಾವ ಕೆಲಸ ಮಾಡಿದಾಗ ಮಾರನೇ ದಿನ ಮೈ ಕುಸಿಯುವುದಿಲ್ಲವೋ ಅಲ್ಲಿಗೆ ಇಳಿಯಿರಿ. ಅದು ಮನೆಯೊಳಗಿನ ನಡಿಗೆ ಮಾತ್ರ ಆಗಿದ್ದರೂ ಸರಿಯೇ. ಏನು ಮಾಡಿದೆ, ಎರಡು ದಿನ ಹೇಗಿತ್ತು ಅಂತ ಬರೆದಿಟ್ಟುಕೊಳ್ಳಿ.

ಇಂಥ ಕುಸಿತ ಇಲ್ಲದ, ಬರೀ ನಿಶ್ಶಕ್ತಿ ಇರುವವರು ಏನು ಮಾಡಬೇಕು ಅಂತ ಇನ್ನೂ ಕೆಲವರು ಕೇಳಿದ್ದಾರೆ. ಕೋವಿಡ್ ನಂತರ ವ್ಯಾಯಾಮಕ್ಕೆ ಮರಳಲು ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿಯಲ್ಲಿ ಐದು ಹಂತಗಳಿವೆ. ಉಸಿರಾಟದ ವ್ಯಾಯಾಮ ಮತ್ತು ನಿಧಾನ ನಡಿಗೆಯಿಂದ ಶುರುವಾಗಿ, ಹಗುರ ಕೆಲಸ, ಆಮೇಲೆ ಬಿರುಸು ನಡಿಗೆ ಮತ್ತು ಮೆಟ್ಟಿಲು, ಆಮೇಲೆ ಓಟ, ಸೈಕಲ್, ಕೊನೆಗೆ ಕಾಯಿಲೆಗೆ ಮುಂಚೆ ಏನು ಮಾಡುತ್ತಿದ್ದಿರೋ ಅದು. ಪ್ರತಿ ಹಂತದಲ್ಲೂ ಕನಿಷ್ಠ ಏಳು ದಿನ. ಕಷ್ಟವಾದರೆ ಒಂದು ಹಂತ ಹಿಂದಕ್ಕೆ. ಅವಸರದವರಿಗೆ ಇದು ಬಹಳ ನಿಧಾನ ಅನ್ನಿಸುತ್ತದೆ ಅಂತ ಗೊತ್ತು, ಆದರೂ ನನ್ನ ರೋಗಿಗಳಿಗೆ ನಾನು ಹೇಳುವುದು ಇದನ್ನೇ.

ಪ್ರಶ್ನೆ: ಮಗಳಿಗೆ ಹನ್ನೊಂದು ವರ್ಷ, ಆಸ್ತಮಾ ಇದೆ. ಹೋದ ವಾರ ನೆಗಡಿ ಕೆಮ್ಮು ಜೋರಾಗಿತ್ತು. ಈಗ ಶಾಲೆಯಲ್ಲಿ ಆಟಕ್ಕೆ ಮಾಸ್ಕ್ ಹಾಕಿ ಕಳಿಸಲಾ?

ಆಟವಾಡುವಾಗ ಮಾಸ್ಕ್ ಬೇಡ. ಮಕ್ಕಳು ಓಡಾಡಿ ಆಡುವ ಹೊತ್ತಿನಲ್ಲಿ ಮಾಸ್ಕ್ ಹಾಕಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸಲಹೆಯೂ ಇದೆ. ತರಗತಿಯಲ್ಲಿ ಕೂತಾಗ ಕೆಮ್ಮು ಪೂರ್ತಿ ನಿಲ್ಲುವವರೆಗೆ ಹಾಕಿಕೊಳ್ಳಲಿ. ಮಾಸ್ಕಿಗಿಂತ ಮುಖ್ಯವಾದದ್ದು ಇನ್‌ಹೇಲರ್. ದಿನಾ ತೆಗೆದುಕೊಳ್ಳುವ ಇನ್‌ಹೇಲರ್ ಇದ್ದರೆ ಕೆಮ್ಮು ನಿಂತಿತು ಅಂತ ನಿಲ್ಲಿಸಬೇಡಿ. ಆಟಕ್ಕೆ ಮುಂಚೆ ತೆಗೆದುಕೊಳ್ಳಲು ವೈದ್ಯರು ಬರೆದುಕೊಟ್ಟಿದ್ದರೆ ಹತ್ತು ಹದಿನೈದು ನಿಮಿಷ ಮೊದಲು ತೆಗೆದುಕೊಳ್ಳಲಿ, ಇನ್ನೊಂದು ಇನ್‌ಹೇಲರ್ ಚೀಲದಲ್ಲೇ ಇರಲಿ, ಆಟದ ಮೇಷ್ಟ್ರಿಗೂ ಗೊತ್ತಿರಲಿ. ರಾತ್ರಿ ಕೆಮ್ಮಿ ಎದ್ದಿದ್ದರೆ ಅವತ್ತು ಆಟ ಬೇಡ.

ತುಂಬಾ ಚಳಿ ಇರುವಾಗ ಮಾತ್ರ ನನ್ನ ಮಾತು ಸ್ವಲ್ಪ ಬೇರೆ. ತಣ್ಣನೆಯ ಒಣ ಗಾಳಿ ಎಳೆದರೆ ಆಸ್ತಮಾದವರ ಶ್ವಾಸನಾಳ ಬಿಗಿಯುತ್ತದೆ. ಮೂಗು ಬಾಯಿಗೆ ತೆಳುವಾದ ಬಟ್ಟೆ ಇದ್ದರೆ ಒಳಗೆ ಹೋಗುವ ಗಾಳಿ ಬೆಚ್ಚಗಾಗಿ, ತೇವವಾಗಿ ಹೋಗುತ್ತದೆ. ಚಳಿಯಲ್ಲಿ ನಡೆಯುವಾಗ ಇದು ಆರಾಮ ಕೊಡುತ್ತದೆ, ದೊಡ್ಡವರಿಗೂ ಅಷ್ಟೇ.

ಪ್ರಶ್ನೆ: ತಂದೆಗೆ 68 ವರ್ಷ, ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇದೆ. ಉಸಿರಾಟ ಕೆಟ್ಟು ಆಸ್ಪತ್ರೆ ಸೇರಿ ಈಗ ಮನೆಗೆ ಬಂದಿದ್ದಾರೆ. ಪಾರ್ಕಿನಲ್ಲಿ ಯಾರಾದರೂ ಕೆಮ್ಮಿದರೆ ಅಂತ ಎನ್-95 ಹಾಕಿಕೊಂಡೇ ನಡೆಯುತ್ತಾರೆ, ನಾಲ್ಕು ಹೆಜ್ಜೆಗೆ ಸುಸ್ತು. ನಡುನಡುವೆ ಬೆರಳಿಗೆ ಆಕ್ಸಿಮೀಟರ್ ಹಾಕಿ ನೋಡಿ ಗಾಬರಿಯಾಗುತ್ತಾರೆ.

ಅವರ ಭಯ ಸರಿಯಾದದ್ದೇ. ಸಿಒಪಿಡಿ ಇರುವವರಿಗೆ ಒಂದು ಸಾಮಾನ್ಯ ನೆಗಡಿ ಸಾಕು ಮತ್ತೆ ಆಸ್ಪತ್ರೆ ಸೇರಲು. ಆದರೆ ಕಾಯಿಲೆ ತೀವ್ರವಾಗಿರುವವರಿಗೆ ಎನ್-95 ಹಾಕಿ ನಡೆಯುವುದು ನಿಜಕ್ಕೂ ಕಷ್ಟ, ಅವರ ಉಸಿರು ಹೊರಗೆ ಹೋಗಲೇ ಸಮಯ ಬೇಕು. ಅವರಿಗೆ ಬೇಕಾದದ್ದು ಜನ ಕಮ್ಮಿ ಇರುವ ಹೊತ್ತು. ಪಾರ್ಕ್ ಖಾಲಿ ಇರುವಾಗ ಮಾಸ್ಕ್ ಇಲ್ಲದೆ ನಡೆಯಲಿ, ಜನ ಎದುರಾದರೆ ಪಕ್ಕಕ್ಕೆ ಸರಿಯಲಿ. ಗಾಳಿ ಕೆಟ್ಟಿರುವ ದಿನ ಮನೆಯೊಳಗೇ ನಡೆಯಲಿ.

ನಡೆಯುವಾಗ ಹೀಗೆ ಉಸಿರಾಡಲು ಹೇಳಿಕೊಡಿ: ಮೂಗಿನಿಂದ ಎರಡು ಎಣಿಸುವಷ್ಟು ಹೊತ್ತು ಒಳಗೆ, ತುಟಿಯನ್ನು ಸೀಟಿ ಹೊಡೆಯುವಂತೆ ಮಾಡಿ ನಾಲ್ಕು ಎಣಿಸುವಷ್ಟು ಹೊತ್ತು ಹೊರಗೆ. ತುಟಿ ಕಿರಿದಾದಾಗ ಶ್ವಾಸನಾಳದೊಳಗಿನ ಒತ್ತಡ ಉಳಿದು ನಾಳಗಳು ಬೇಗ ಮುಚ್ಚಿಕೊಳ್ಳುವುದಿಲ್ಲ, ಒಳಗೆ ಸಿಕ್ಕಿಕೊಂಡ ಗಾಳಿ ಹೊರಗೆ ಬರುತ್ತದೆ. ಬೆಂಚು ಸಿಕ್ಕಾಗಲೆಲ್ಲ ಕೂತು, ಮುಂದಕ್ಕೆ ಬಾಗಿ, ಮೊಣಕೈಯನ್ನು ತೊಡೆಗೆ ಊರಿ ಸುಧಾರಿಸಿಕೊಳ್ಳಲಿ.

ಆಕ್ಸಿಮೀಟರ್ ಅನ್ನು ನಡೆಯುತ್ತಾ ನೋಡಬೇಡಿ ಅನ್ನಿ. ಬೆರಳು ಅಲುಗಾಡಿದರೆ, ತಣ್ಣಗಿದ್ದರೆ, ಉಗುರಿಗೆ ಬಣ್ಣ ಇದ್ದರೆ ಅದು ತಪ್ಪು ತೋರಿಸುತ್ತದೆ. ಕಪ್ಪು ಚರ್ಮದವರಲ್ಲಿ ಇರುವುದಕ್ಕಿಂತ ಜಾಸ್ತಿ ತೋರಿಸುವುದೂ ಉಂಟು. ಹೊರಡುವ ಮುಂಚೆ ಕೂತು ಒಮ್ಮೆ, ನಡೆದು ಬಂದು ಕೂತ ಕೂಡಲೇ ಕೈ ಅಲುಗಾಡಿಸದೆ ಒಮ್ಮೆ, ಆಕ್ಸಿಜನ್‌ನ ಶೇಕಡಾ ಅಂಕೆ ಒಂದೇ ಕಡೆ ನಿಂತ ಮೇಲೆ ನೋಡಿ ಬರೆದಿಡಿ. ಮೊದಲಿಗಿಂತ ಮೂರು ಅಂಕೆ ಅಥವಾ ಜಾಸ್ತಿ ಇಳಿದಿದ್ದರೆ ಅವರ ವೈದ್ಯರಿಗೆ ತಿಳಿಸಿ. ಆರೋಗ್ಯವಂತರಿಗೆ 95 ಅಥವಾ ಅದಕ್ಕಿಂತ ಮೇಲೆ ಇರಬೇಕು, ಸಿಒಪಿಡಿ ಇರುವ ಕೆಲವರಿಗೆ ವೈದ್ಯರು 88ರಿಂದ 92 ಸಾಕು ಅನ್ನುತ್ತಾರೆ, ಹಾಗಾಗಿ ತಂದೆಯವರ ಅಂಕೆ ಎಷ್ಟಿರಬೇಕು ಅಂತ ಅವರನ್ನು ನೋಡಿದ ವೈದ್ಯರಿಂದಲೇ ಕೇಳಿ ಬರೆಸಿಕೊಳ್ಳಿ. ಜೊತೆಗೆ ಪಲ್ಮನರಿ ರಿಹ್ಯಾಬ್, ಅಂದರೆ ಶ್ವಾಸಕೋಶದ ರೋಗಿಗಳಿಗೆ ವ್ಯಾಯಾಮ ಕಲಿಸುವ ತರಬೇತಿಯ ಬಗ್ಗೆಯೂ ಕೇಳಿ. ಆಸ್ಪತ್ರೆಯಿಂದ ಬಂದ ನಾಲ್ಕು ವಾರದೊಳಗೆ ಅದನ್ನು ಶುರು ಮಾಡಿದರೆ ಒಳ್ಳೆಯದು, ಎಷ್ಟು ನಡೆಯಬೇಕು, ಎಲ್ಲಿ ನಿಲ್ಲಬೇಕು ಅನ್ನುವುದನ್ನು ಅಲ್ಲಿ ಪಕ್ಕದಲ್ಲೇ ನಿಂತು ಕಲಿಸುತ್ತಾರೆ.